ನಾಲ್ಕನೇ ಹಾಡಿನ ತಪ್ಪು

ಪಿಹ್ಲಯಾ ವೃದ್ಧಾಶ್ರಮದಲ್ಲಿ ತರಬೇತಿಯ ಮೊದಲ ದಿನ ನನ್ನ ತಲೆಯಲ್ಲಿದ್ದದ್ದು ಒಂದೇ ಯೋಚನೆ: ಯೂನಿಫಾರ್ಮ್ ಸಡಿಲವಾಗಿರಲಿ. ಒಂದು ಸೈಜ್ ದೊಡ್ಡದನ್ನೇ ಕೇಳಿದ್ದೆ. ಬಟ್ಟೆ ಕೊಡುವವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇದು ನಿನಗೆ ದೊಗಳೆಯಾಗುತ್ತದೆ ಎಂದಳು. ನನಗೆ ದೊಗಳೆಯೇ ಇಷ್ಟ ಎಂದೆ.

ಗುಂಡಿ ಹಾಕಿಕೊಂಡು ಕಾರಿಡಾರಿಗೆ ಬಂದರೆ ವಾರ್ಡಿನ ಮುಖ್ಯಸ್ಥೆ ಮೈರೆ ಒಬ್ಬ ಎತ್ತರದ ಗಂಡಸಿನ ಜೊತೆ ನಿಂತಿದ್ದಳು. ಆರು ವಾರ ಇವನೇ ನಿನಗೆ ಕೆಲಸ ಕಲಿಸುವವನು, ಕೊನೆಯಲ್ಲಿ ಪರೀಕ್ಷೆ ಮಾಡಿ ಪಾಸೋ ಫೇಲೋ ಹೇಳುವವನೂ ಇವನೇ ಎಂದಳು.

ಆ ಗಂಡಸು ತಿರುಗಿದ. ಓಸ್ಸಿ.

ಅವನ ಕಣ್ಣು ನನ್ನ ಮುಖದ ಮೇಲೆ ಒಂದು ಕ್ಷಣ ನಿಂತು, ಅಲ್ಲಿಂದ ನನ್ನ ಹೆಸರಿನ ಬಿಲ್ಲೆಗೆ ಇಳಿದು, ಏನೋ ಹೊಸದನ್ನು ಓದುವವನ ಹಾಗೆ ಅಲ್ಲೇ ಉಳಿಯಿತು. ಆಮೇಲೆ ಕೈ ಚಾಚಿ ತನ್ನ ಹೆಸರು ಹೇಳಿದ. ನಾನೂ ಕೈ ಕೊಟ್ಟು, ಸೈಯಾ ಎಂದೆ. ಇಡೀ ಬೇಸಿಗೆ ಆ ಕೈ ನನ್ನ ಬೆನ್ನ ಮೇಲಿತ್ತು. ಅದರ ಬಿಸಿ ನನಗೆ ಗೊತ್ತಿತ್ತು, ತೋರುಬೆರಳಿನ ಗಾಯದ ಗುರುತೂ ಗೊತ್ತಿತ್ತು. ಮೈರೆಯ ಎದುರು ನಾವಿಬ್ಬರೂ ಅಪರಿಚಿತರಾಗಿ ಕೈ ಕುಲುಕಿದೆವು.

ಆ ದೊಗಳೆ ಅಂಗಿಯ ಕೆಳಗೆ ಐದು ತಿಂಗಳ ಬಸುರಿತ್ತು. ಮಗು ಅವನದೇ. ಅವನಿಗೆ ಗೊತ್ತಿರಲಿಲ್ಲ.

ಅವನು ಬೇಸಿಗೆಯಲ್ಲಿ ಸೈನಾಯೋಕಿ ಪಟ್ಟಣದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ನಮ್ಮೂರಿನ ಈ ಆಶ್ರಮಕ್ಕೆ ಯಾವಾಗ ಬಂದನೋ ನನಗೆ ತಿಳಿಯದು. ತಿಳಿದಿದ್ದರೆ ತರಬೇತಿ ಶಾಲೆಯ ನಮ್ಮ ಟೀಚರ ಕಾಲು ಹಿಡಿದಾದರೂ ಬೇರೆ ಕಡೆ ಹಾಕಿಸಿಕೊಳ್ಳುತ್ತಿದ್ದೆ.

ನಿಯಮದ ಪ್ರಕಾರ ಬಸುರಿಯೆಂದು ಮೈರೆಗೆ ಮೊದಲ ದಿನವೇ ಹೇಳಬೇಕಿತ್ತು. ಈ ಕೆಲಸದಲ್ಲಿ ಭಾರವಾದ ಮೈಗಳನ್ನು ಎತ್ತಬೇಕು, ಹೊರಳಿಸಬೇಕು. ಬಸುರಿಯರು ಅದನ್ನು ಮಾಡುವಂತಿಲ್ಲ. ಆದರೆ ಮೈರೆಗೆ ಹೇಳಿದರೆ ಕೆಲಸ ಕಲಿಸುವವನಿಗೂ ಹೇಳಿದ ಹಾಗೆಯೇ. ಓಸ್ಸಿಗೆ ಗೊತ್ತಾದರೆ ಅವನು ಖಂಡಿತ ಬರುತ್ತಿದ್ದ. ಅದೇ ನನ್ನ ಭಯ. ಅವನು ಜವಾಬ್ದಾರಿ ಕಂಡರೆ ಓಡಿಹೋಗುವ ಜಾತಿಯವನಲ್ಲ, ಹೆಗಲು ಕೊಡುವ ಜಾತಿ. ಆದರೆ ಆಗಸ್ಟಿನಲ್ಲಿ ಒಂದು ಮಾತೂ ಹೇಳದೆ ಬಿಟ್ಟುಹೋದವನು ಡಿಸೆಂಬರಿನಲ್ಲಿ ಹೊಟ್ಟೆ ನೋಡಿ ಬಂದರೆ, ನನಗಾಗಿ ಬಂದನೋ ಮಗುವಿಗಾಗಿ ಬಂದನೋ ಎಂದು ನನಗೆ ಸಾಯುವವರೆಗೂ ಗೊತ್ತಾಗುವುದಿಲ್ಲ. ನನಗೆ ಅವನು ಬೇಕಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ, ಬಹಳ ಬೇಕಿತ್ತು. ಆದರೆ ನನ್ನನ್ನು ಬಯಸಿ ಬಂದ ಓಸ್ಸಿ ಬೇಕಿತ್ತು. ಆರು ವಾರ ಹೇಗಾದರೂ ಮುಚ್ಚಿಟ್ಟು, ಪಾಸಾಗಿ, ಅಲ್ಲಿಂದ ಹೊರಗೆ ಬಿದ್ದರೆ ಸಾಕು ಎಂದುಕೊಂಡೆ.

ನಾವು ಪರಿಚಯವಾದದ್ದು ಕೆರೆ ದಂಡೆಯ ಡ್ಯಾನ್ಸ್ ಮಂಟಪದಲ್ಲಿ. ನಮ್ಮ ಕಡೆ ಬೇಸಿಗೆಯಿಡೀ ಶನಿವಾರ ಸಂಜೆ ಎಲ್ಲರೂ ಅಲ್ಲೇ. ಗಂಡಸರು ಬಂದು ಕೇಳುತ್ತಾರೆ, ಎರಡು ಹಾಡು ಕುಣಿದು, ಹೆಂಗಸನ್ನು ಅವಳಿದ್ದ ಜಾಗಕ್ಕೇ ತಂದು ಬಿಟ್ಟು, ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಎರಡೇ ಹಾಡು. ಮೂರನೆಯದಕ್ಕೂ ಕೈ ಬಿಡದಿದ್ದರೆ ಊರಿಗೆಲ್ಲ ಅರ್ಥವಾಗುತ್ತದೆ. ಮೇ ತಿಂಗಳಲ್ಲಿ ಓಸ್ಸಿ ಮೂರನೆಯದಕ್ಕೂ ನನ್ನ ಕೈ ಬಿಡಲಿಲ್ಲ. ಜೂನಿನಲ್ಲಿ ನಾವು ಲೆಕ್ಕವನ್ನೇ ಇಡಲಿಲ್ಲ.

ಆಗಸ್ಟಿನ ಕೊನೆಯ ಶನಿವಾರ ನನಗೆ ಬೆಳಗಿನಿಂದ ವಾಂತಿ. ಬಸುರಿಯೆಂದು ತಿಳಿದು ಮೂರು ದಿನವಾಗಿತ್ತು, ಆ ಸಂಜೆ ಅವನಿಗೆ ಹೇಳಬೇಕೆಂದೇ ಹೋಗಿದ್ದೆ. ಅವನು ಬರುವುದು ತಡವಾಯಿತು. ಅಷ್ಟರಲ್ಲಿ ಬಡಗಿ ಯಾರ್ಮೊ ಬಂದು ಕುಣಿಯಲು ಕೇಳಿದ. ಕೇಳಿದವರಿಗೆ ಇಲ್ಲವೆನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಯಾರ್ಮೊ ನಿಧಾನದ ಮನುಷ್ಯ, ಕುಣಿತವೂ ನಿಧಾನ. ಎರಡನೇ ಹಾಡು ಮುಗಿಯುವ ಹೊತ್ತಿಗೆ ನನಗೆ ನೆಲ ತಿರುಗುತ್ತಿತ್ತು. ಕೈ ಬಿಟ್ಟರೆ ಬೀಳುತ್ತೇನೆಂದು ಅವನ ಹೆಗಲನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮುಂದಿನ ಹಾಡಿಗೂ ಕಾಲೆಳೆದೆ. ಕಣ್ಣು ತೆರೆದಾಗ ಓಸ್ಸಿಯ ಕಾರು ಮೈದಾನದಿಂದ ಹೊರಗೆ ಹೋಗುತ್ತಿತ್ತು.

ಅವನು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಹೋಗಬೇಕೆಂದವನನ್ನು ಯಾಕೆ ಎಂದು ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ವಾರ್ಡಿನಲ್ಲಿ ನಮ್ಮಿಬ್ಬರ ಪಾಲಿಗೆ ಬಂದವರು ಹಿಲ್ಯಾ. ಎಂಬತ್ತೊಂಬತ್ತು ವರ್ಷ, ಸೊಂಟದಿಂದ ಕೆಳಗೆ ಶಕ್ತಿಯಿಲ್ಲ, ನಾಲಿಗೆಯಲ್ಲಿ ಮಾತ್ರ ಮೂವರಿಗಾಗುವಷ್ಟು ಶಕ್ತಿ. ಅವರನ್ನು ಹಾಸಿಗೆಯಿಂದ ವೀಲ್‌ಚೇರಿಗೆ ಕೂರಿಸಲು ಇಬ್ಬರು ಬೇಕೇ ಬೇಕು. ಹಾಗಾಗಿ ದಿನಕ್ಕೆ ನಾಲ್ಕು ಸಲ ಓಸ್ಸಿಯ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿರುತ್ತಿತ್ತು. ಒಂದು, ಎರಡು, ಮೂರು ಎಂದು ಅವನು ಎಣಿಸುತ್ತಿದ್ದ. ನಾನು ಹಿಲ್ಯಾರ ಸ್ವೆಟರಿನ ಹೆಣಿಗೆಯನ್ನೇ ನೋಡುತ್ತಿದ್ದೆ. ಒಮ್ಮೊಮ್ಮೆ ಕಣ್ಣೆತ್ತಿದರೆ ಅವನ ನೋಟ ಆಗತಾನೇ ನನ್ನಿಂದ ಸರಿದಿರುತ್ತಿತ್ತು. ಕಿವಿಯ ತುದಿ ಮಾತ್ರ ಕೆಂಪಗಿರುತ್ತಿತ್ತು.

ಅವನು ಯಾವಾಗಲೂ ಭಾರದ ಕಡೆಗೇ ನಿಲ್ಲುತ್ತಿದ್ದ. ನಾನು ಆ ಕಡೆ ಹೋದರೆ ಏನೋ ನೆಪ ತೆಗೆದು ನನ್ನನ್ನು ಈ ಕಡೆ ಕಳಿಸುತ್ತಿದ್ದ. ದಿಂಬು ತಾ, ಬ್ರೇಕ್ ಹಾಕು, ಚಪ್ಪಲಿ ನೋಡು. ನನ್ನನ್ನು ಕೈಲಾಗದವಳೆಂದು ತಿಳಿದಿದ್ದಾನೆಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡನೇ ವಾರ ಅವನು ಟವೆಲ್ ತರಲು ಹೋದಾಗ ಹಿಲ್ಯಾ ನನ್ನನ್ನು ಹತ್ತಿರ ಕರೆದರು.

"ಹುಡುಗಿ, ನಾನು ಹದಿನೆಂಟು ಹಸು ಸಾಕಿದೋಳು. ಗಬ್ಬದ ಹಸು ಬಾಗಿಲು ದಾಟೋವಾಗ ಪಕ್ಕೆ ತಾಗದ ಹಾಗೆ ನೋಡ್ಕೊಂಡು ಬರತ್ತೆ. ನೀನೂ ಹಾಗೇ ಬರ್ತೀಯ."

ದಮ್ಮಯ್ಯ, ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡೆ.

"ನಾನ್ಯಾಕೆ ಹೇಳ್ಲಿ," ಎಂದರು. "ಆದ್ರೆ ಇದು ಬಚ್ಚಿಟ್ರೆ ಉಳಿಯೋ ವಸ್ತು ಅಲ್ಲ. ಅಪ್ಪ ಯಾರು?"

ಟವೆಲ್ ಹಿಡಿದು ಓಸ್ಸಿ ಒಳಗೆ ಬಂದ. ಹಿಲ್ಯಾ ಅವನನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಇವತ್ತು ಊಟಕ್ಕೆ ಏನು ಎಂದು ವಿಚಾರಿಸಿದರು.

ಮೂರನೇ ವಾರ ಮಧ್ಯಂತರ ವರದಿ ಬಂತು. ಸ್ನಾನ ಮಾಡಿಸುವುದು, ತಿನ್ನಿಸುವುದು, ಹಾಸಿಗೆ ಹುಣ್ಣು ನೋಡುವುದು, ಮಾತಾಡಿಸುವುದು, ಎಲ್ಲದಕ್ಕೂ ಒಳ್ಳೆಯ ಅಂಕ. ಕೊನೆಯ ಸಾಲಿನಲ್ಲಿ ಓಸ್ಸಿಯ ದುಂಡು ಅಕ್ಷರ: ಎತ್ತಿ ಕೂರಿಸುವ ಕೆಲಸಕ್ಕೆ ಇನ್ನೂ ಸಿದ್ಧಳಿಲ್ಲ. ಅದೊಂದರಲ್ಲಿ ಬಿದ್ದರೆ ಇಡೀ ಪರೀಕ್ಷೆಯೇ ಬಿದ್ದ ಹಾಗೆ.

ಬಟ್ಟೆ ಜೋಡಿಸುವ ಕೋಣೆಯಲ್ಲಿ ಅವನನ್ನು ಹಿಡಿದೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ, ಅವನು ನುಸುಳಿ ಹೋಗದಿರಲೆಂದು.

"ನನ್ನನ್ನ ಫೇಲ್ ಮಾಡ್ಬೇಕು ಅಂತಾನೇ ಇದೀಯಾ?"

"ಇಲ್ಲ."

"ಮತ್ತೆ ಇದೇನು ಬರೆದಿದೀಯ? ಒಂದು ದಿನ ಆದ್ರೂ ಎತ್ತೋಕೆ ಬಿಟ್ಟಿದೀಯಾ ನನ್ನ?"

ಅವನು ಕೈಯಲ್ಲಿದ್ದ ಹಾಸಿಗೆ ಹೊದಿಕೆಯನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಅವನ ಕಣ್ಣು ನನ್ನ ಕುತ್ತಿಗೆಯವರೆಗೆ ಬಂದು ಅಲ್ಲಿಂದ ಮೇಲೆ ಬರಲಾರದೆ ನಿಂತಿತ್ತು. ಮೇ ತಿಂಗಳಲ್ಲಿ ಆ ಜಾಗಕ್ಕೆ ಮುತ್ತಿಟ್ಟವನು ಅವನೇ. ಅವನ ಉಸಿರಿನಲ್ಲಿ ಕಾಫಿಯ ವಾಸನೆಯಿತ್ತು. ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರೆ ನಾನು ಅವನ ಎದೆಗೆ ಹಣೆ ಹಚ್ಚಿ ಅತ್ತುಬಿಡುತ್ತಿದ್ದೆ. ಅಷ್ಟು ಸಿಟ್ಟಿನಲ್ಲೂ ಅಷ್ಟು ಆಸೆ.

"ಈಗ್ಲೇ ಬೇಡ," ಎಂದ. "ಅಷ್ಟೇ ಹೇಳೋಕಾಗೋದು ನಂಗೆ."

ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ.

ಐದನೇ ವಾರದ ಮಂಗಳವಾರ ಬೆಳಿಗ್ಗೆ ಅದು ಆಯಿತು. ಹಿಲ್ಯಾರ ಸ್ನಾನ ಮುಗಿದಿತ್ತು. ಪಕ್ಕದ ಕೋಣೆಯ ಬೆಲ್ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ನಾನು ಬರುವವರೆಗೂ ಇವರನ್ನು ಮುಟ್ಟಬೇಡ ಎಂದು ಹೇಳಿ ಓಸ್ಸಿ ಹೋದ. ಹಿಲ್ಯಾರಿಗೆ ಚಳಿ. ತಾಳ್ಮೆ ಮೊದಲೇ ಕಡಿಮೆ. ಗೋಡೆಯ ಹಿಡಿಕೆ ಹಿಡಿದು ತಾವೇ ಏಳಲು ಹೊರಟರು, ಒದ್ದೆ ಕೈ ಜಾರಿತು.

ಬೀಳುವವರನ್ನು ಎತ್ತಿ ಹಿಡಿಯಬಾರದು, ಜೊತೆಗೇ ಜಾರಿ ಮೆಲ್ಲಗೆ ನೆಲಕ್ಕೆ ಇಳಿಸಬೇಕೆಂದು ಮೊದಲ ಪಾಠದಲ್ಲೇ ಕಲಿಸಿದ್ದರು. ಹಾಗೆಯೇ ಮಾಡಿದೆ. ಅವರ ತಲೆ ನೆಲಕ್ಕೆ ಬಡಿಯಲಿಲ್ಲ. ಆದರೆ ಅವರ ಅಷ್ಟೂ ಭಾರ ನನ್ನ ಮಡಿಲಿಗೆ ಬಂತು, ನಾನು ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಕಿಬ್ಬೊಟ್ಟೆಯಲ್ಲಿ ಚಳಕ್ಕೆಂದಿತು.

ಓಸ್ಸಿ ಓಡಿ ಬಂದ. ಹಿಲ್ಯಾರನ್ನು ನೋಡಲೇ ಇಲ್ಲ. ನನ್ನ ಮುಂದೆ ಮಂಡಿಯೂರಿ, "ಹೊಟ್ಟೆ ನೋಯ್ತಿದೆಯಾ? ರಕ್ತ ಹೋಗ್ತಿದೆಯಾ? ಹೇಳು ಸೈಯಾ," ಎಂದ.

ನಾನು ಅವನ ಮುಖವನ್ನೇ ನೋಡುತ್ತ ಕೂತೆ. ಅವನಿಗೆ ಗೊತ್ತಿತ್ತು.

"ನಾನೂ ಬಿದ್ದಿದೀನಪ್ಪ," ಎಂದರು ನನ್ನ ಮಡಿಲಿನಿಂದ ಹಿಲ್ಯಾ. "ಪುರುಸೊತ್ತಾದಾಗ ನನ್ನನ್ನೂ ನೋಡು."

ಮೈರೆ ಬಂದಳು, ಉಳಿದವರೂ ಬಂದರು. ಹಿಲ್ಯಾರಿಗೆ ಒಂದು ಗೀರೂ ಆಗಿರಲಿಲ್ಲ. ಓಸ್ಸಿ ಮೈರೆಗೆ ಎರಡೇ ವಾಕ್ಯದಲ್ಲಿ ವಿಷಯ ಹೇಳಿ, ನನ್ನ ಕೋಟನ್ನು ಹೆಗಲಿಗೆ ಹಾಕಿ, ಕಾರಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನಾನು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಅಲುಗಾಡು, ಒಂದು ಸಲ ಅಲುಗಾಡು ಎಂದು ಮನಸ್ಸಿನಲ್ಲೇ ಬೇಡುತ್ತಿದ್ದೆ. ಆ ಹತ್ತು ನಿಮಿಷದಲ್ಲಿ ನನಗೆ ಪಾಸು ಫೇಲು ಒಂದೂ ನೆನಪಿಗೆ ಬರಲಿಲ್ಲ.

ಕ್ಲಿನಿಕ್ಕಿನಲ್ಲಿ ಅವನನ್ನು ಹೊರಗೇ ಕೂರಿಸಿದರು. ಸೂಲಗಿತ್ತಿ ನರ್ಸ್ ಹೊಟ್ಟೆಗೆ ಯಂತ್ರ ಹಚ್ಚಿದಳು. ಮೊದಲು ಬರೀ ಗರಗರ ಸದ್ದು, ಆಮೇಲೆ ಎದೆಬಡಿತ ಕೇಳಿಸಿತು. ಸ್ನಾಯು ಎಳೆದಿದೆ ಅಷ್ಟೇ, ಮಗು ಚೆನ್ನಾಗಿದೆ, ಎರಡು ದಿನ ಮಲಗು ಎಂದಳು. ಕೆಲಸದ ಕಡೆ ಯಾಕೆ ಹೇಳಲಿಲ್ಲವೆಂದು ಚೆನ್ನಾಗಿಯೇ ಬೈದಳು. ನಾನು ಅಳುತ್ತಲೇ ತಲೆಯಾಡಿಸಿದೆ.

ಕಾರಿನಲ್ಲಿ ಕೂತು, ಮಗು ಚೆನ್ನಾಗಿದೆ ಎಂದೆ. ಓಸ್ಸಿ ಸ್ಟಿಯರಿಂಗ್ ಮೇಲೆ ಹಣೆಯಿಟ್ಟ. ಕಾರು ಸ್ಟಾರ್ಟ್ ಮಾಡಲಿಲ್ಲ.

"ಯಾವಾಗಿಂದ ಗೊತ್ತು ನಿಂಗೆ?" ಎಂದು ಕೇಳಿದೆ.

"ಮೊದಲನೇ ವಾರದಿಂದ. ನಮ್ಮಕ್ಕ ಮೂರು ಹೆತ್ತಿದಾಳೆ, ನಾನೇನು ಕುರುಡನಾ? ಯಾರಿಗೂ ಹೇಳ್ಬಾರ್ದು ಅಂತ ನಿಂಗಿತ್ತು. ಅದಕ್ಕೇ ಎತ್ತೋಕೆ ಬಿಡ್ಲಿಲ್ಲ. ಎತ್ತೋದೊಂದನ್ನ ಹೆರಿಗೆ ಆದ್ಮೇಲೆ ಮಾಡಿಸೋಣ, ಉಳಿದ ಪಾಠ ಈಗ ಮುಗಿಸ್ಲಿ ಅಂತ ಹಾಗೆ ಬರೆದೆ." ಅವನು ಗಾಜಿನಾಚೆ ನೋಡುತ್ತಿದ್ದ. "ಯಾರ್ಮೊಗೆ ಹೇಳಿದೀಯಾ?"

"ಯಾರ್ಮೊಗೆ ಯಾಕೆ ಹೇಳ್ಲಿ?"

"ನಾಲ್ಕು ಹಾಡು, ಸೈಯಾ. ನಾನು ಬಾಗಿಲಲ್ಲೇ ನಿಂತಿದ್ದೆ. ಮೂರಾದಾಗ ಏನೋ ಇರ್ಬೇಕು ಅಂದ್ಕೊಂಡೆ. ನಾಲ್ಕನೇದಕ್ಕೂ ನೀನು ಅವನ ಹೆಗಲು ಬಿಡ್ಲಿಲ್ಲ, ಕಣ್ಣು ಮುಚ್ಕೊಂಡಿದ್ದೆ. ಆಮೇಲೆ ನಾನು ಕೇಳೋಕೇನು ಉಳೀತು?"

ಆ ಹಾಡುಗಳು ನಾಲ್ಕೆಂದು ನನಗೆ ಗೊತ್ತೇ ಇರಲಿಲ್ಲ. ಬಾಯಿ ತೆರೆದೆ. ಆದರೆ ಅವನು ಮಾತು ನಿಲ್ಲಿಸಲಿಲ್ಲ. ಒಮ್ಮೆ ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆನೆಂದು ಹೆದರಿದವನ ಹಾಗಿದ್ದ.

"ಅವನು ಜೊತೆಗಿದ್ರೆ ನಾನೇನೂ ಮಾತಾಡಲ್ಲ. ಆದ್ರೆ ಐದು ವಾರದಿಂದ ನಿನ್ನನ್ನ ಕರ್ಕೊಂಡು ಹೋಗೋಕೆ ಒಬ್ರೂ ಬಂದಿಲ್ಲ, ನೀನು ಬಸ್ಸಿಗೆ ಚಳೀಲಿ ನಿಲ್ತೀಯ, ದಿನಾ ನೋಡ್ತೀನಿ. ಅವನು ಇಲ್ಲ ಅಂದ್ರೆ ನಾನಿರ್ತೀನಿ. ಮಗು ಯಾರದ್ದಾದ್ರೂ ಆಗ್ಲಿ. ಮೇ ತಿಂಗಳಿಂದ ನಂಗೆ ಬೇರೆ ಯಾರೂ ಬೇಕು ಅನ್ನಿಸಿಲ್ಲ. ನೀನು ಬೇಕು."

ಐದು ವಾರ ನಾನು ಹಲ್ಲು ಕಚ್ಚಿ ಕಾದಿದ್ದ ಮಾತು ಅದು. ಮಗು ತನ್ನದೆಂದು ತಿಳಿಯದೆಯೇ ಅವನು ನನ್ನನ್ನು ಕೇಳಿದ್ದ. ನನಗೆ ನಗುವೂ ಬಂತು ಅಳುವೂ ಬಂತು. ಅವನ ತೋಳು ಹಿಡಿದು, ಆವತ್ತು ಬಸುರಿಯ ತಲೆಸುತ್ತಿಗೆ ಯಾರ್ಮೊನನ್ನು ಕಂಬದ ಹಾಗೆ ಹಿಡಿದುಕೊಂಡಿದ್ದೆ ಎಂದು ಹೇಳಿದೆ.

"ಆಗಸ್ಟಲ್ಲೇ?" ಎಂದ. ಅವನ ದನಿ ತಗ್ಗಿತು. "ನಿಂಗೀಗ ನಾಲ್ಕು ತಿಂಗಳು ಅಂದ್ಕೊಂಡಿದ್ದೆ. ಹೆರಿಗೆ ಯಾವಾಗ?"

"ಮಾರ್ಚ್ ಹದಿನಾಲ್ಕು."

ಅವನು ಸ್ಟಿಯರಿಂಗ್ ಮೇಲೆ ಬೆರಳು ಮಡಿಸುತ್ತ ಹಿಂದಕ್ಕೆ ಎಣಿಸಿದ. ಫೆಬ್ರುವರಿ, ಜನವರಿ, ಡಿಸೆಂಬರ್. ಜೂನ್ ಬಂದಾಗ ಬೆರಳು ನಿಂತಿತು. ಜೂನಿನ ನಡುಬೇಸಿಗೆ ಹಬ್ಬದ ಆ ಮೂರು ದಿನ ನಾವು ಅವನ ಅಕ್ಕನ ಕೆರೆಮನೆಯಲ್ಲಿದ್ದೆವು, ನಾವಿಬ್ಬರೇ.

ಅವನು ನಗುತ್ತಾನೆಂದುಕೊಂಡಿದ್ದೆ. ಅವನ ಮುಖ ಬಿಳಿಚಿತು. ನನ್ನ ಕೈಯಿಂದ ತೋಳನ್ನು ಮೆಲ್ಲಗೆ ಬಿಡಿಸಿಕೊಂಡ.

"ಐದು ವಾರ ನಿನ್ನ ಪಕ್ಕದಲ್ಲೇ ಇದ್ದೆ. ದಿನಕ್ಕೆ ನಾಲ್ಕು ಸಲ ಮುಖಕ್ಕೆ ಮುಖ ಕೊಟ್ಟು ನಿಂತೆ. ನನ್ನ ಮಗೂನ ನನ್ನಿಂದಾನೇ ಬಚ್ಚಿಟ್ಟೆ ನೀನು."

"ನೀನೂ ಕೇಳ್ಲಿಲ್ಲ."

"ಕೇಳೋ ಹಕ್ಕು ನಂಗಿಲ್ಲ ಅಂದ್ಕೊಂಡಿದ್ದೆ. ಹೇಳೋ ಹಕ್ಕು ನಿಂಗಿತ್ತು."

ಅವನು ನನ್ನನ್ನು ಮನೆಗೆ ಬಿಟ್ಟ. ಮೆಟ್ಟಿಲ ಹತ್ತಿರ ಜಾರುತ್ತದೆ, ನೋಡಿಕೊಂಡು ಹೋಗು ಎಂದ. ನಾನು ಒಳಗೆ ಹೋಗಿ ಬಾಗಿಲು ಹಾಕುವವರೆಗೂ ಕಾರು ಅಲ್ಲೇ ನಿಂತಿತ್ತು, ಆಮೇಲೆ ಹೋಯಿತು.

ಬುಧವಾರವೆಲ್ಲ ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದೆ. ಅದು ಸದ್ದು ಮಾಡಲಿಲ್ಲ. ಬಯಸಿ ಬಂದವನನ್ನು ಬಂದ ಐದೇ ನಿಮಿಷದಲ್ಲಿ ಕಳೆದುಕೊಂಡೆನಲ್ಲ ಎಂದು ಹೊರಳಾಡಿದೆ. ಅವನನ್ನು ಪರೀಕ್ಷಿಸಲೆಂದು ನಾನೇ ಒಂದು ಪರೀಕ್ಷೆ ಕಟ್ಟಿದ್ದೆ, ಅದನ್ನು ಅವನು ಪಾಸು ಮಾಡಿದ್ದ, ಬಿದ್ದವಳು ನಾನು. ನಾನೇ ಫೋನ್ ಮಾಡಬಹುದಿತ್ತು. ನಾಲ್ಕು ಸಲ ನಂಬರ್ ಒತ್ತಿ ನಾಲ್ಕು ಸಲ ಅಳಿಸಿದೆ.

ಗುರುವಾರ ಕೆಲಸಕ್ಕೆ ಹೋದೆ. ಮೈರೆ ನನ್ನನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದಳು. ಮನೆಗೆ ಕಳಿಸುತ್ತಾಳೆಂದು ಕೋಟಿನ ಗುಂಡಿಯನ್ನೂ ಬಿಚ್ಚದೆ ನಿಂತಿದ್ದೆ. ಇಲ್ಲಿ ಬಸುರಿಯೆಂದು ಯಾರನ್ನೂ ಕಳಿಸುವುದಿಲ್ಲ, ಬಾಯಿ ಬಿಡದವರನ್ನು ಮಾತ್ರ ಕಳಿಸಬೇಕೆನ್ನಿಸುತ್ತದೆ ಎಂದಳು. ಪರೀಕ್ಷೆಯಲ್ಲಿ ನಾನು ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಸಾಕಂತೆ, ಎತ್ತುವುದು ಇನ್ನಿಬ್ಬರು. ಟೀಚರ ಜೊತೆ ಮಾತಾಡಿಯೂ ಆಗಿತ್ತು. ಇಷ್ಟು ಸುಲಭದ ಮಾತಿಗೆ ಐದು ವಾರ ಉಸಿರು ಬಿಗಿಹಿಡಿದಿದ್ದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಬೆಳಗಿನ ಪಾಳಿಯಲ್ಲಿ ಓಸ್ಸಿ ಬೇರೆಯವಳ ಜೊತೆ ಕೆಲಸ ಮಾಡಿದ. ಕಾರಿಡಾರಿನಲ್ಲಿ ಎದುರಾದಾಗ, ಹೊಟ್ಟೆ ಹೇಗಿದೆ ಎಂದಷ್ಟೇ ಕೇಳಿದ. ಪರವಾಗಿಲ್ಲ ಎಂದೆ. ಅವನು ನಿದ್ದೆ ಮಾಡಿರಲಿಲ್ಲ, ಕಣ್ಣಲ್ಲಿ ಗೊತ್ತಾಗುತ್ತಿತ್ತು.

ನಮ್ಮ ಕಡೆ ಗುರುವಾರದ ಊಟವೆಂದರೆ ಬಟಾಣಿ ಸೂಪು. ಎಲ್ಲರೂ ತಿಂದು ಮುಗಿಸಿ ಕಾಫಿ ಕೋಣೆಯಲ್ಲಿ ಕೂತಿದ್ದೆವು, ಐದಾರು ಜನ. ನಾನು ಮೂಲೆಯ ಕುರ್ಚಿಯಲ್ಲಿದ್ದೆ. ಓಸ್ಸಿ ಒಳಗೆ ಬಂದು, ಕಪ್ಪಿಗೆ ಕಾಫಿ ಬಗ್ಗಿಸಿಕೊಂಡು, ಕೂರಲಿಲ್ಲ.

"ಮೈರೆ, ಸೈಯಾಳ ಪರೀಕ್ಷೆ ನಾನು ಮಾಡೋಕಾಗಲ್ಲ. ಬೇರೆ ಯಾರಿಗಾದ್ರೂ ಕೊಡು."

ಇಷ್ಟು ಜನರ ಮುಂದೆಯೇ ನನ್ನಿಂದ ಕೈ ತೊಳೆದುಕೊಳ್ಳುತ್ತಿದ್ದಾನೆಂದುಕೊಂಡೆ. ಮೇಜಿನ ಮೇಲಿನ ಸಕ್ಕರೆ ಕಾಳುಗಳನ್ನು ನೋಡುತ್ತ ಕೂತೆ.

ಇನ್ನು ಒಂದೇ ವಾರವಿದೆ, ಈಗೇನಾಯಿತು ಎಂದು ಮೈರೆ ಕೇಳಿದಳು.

"ಸ್ವಂತದವರ ಪರೀಕ್ಷೆ ಮಾಡೋ ಹಾಗಿಲ್ಲ ಅಲ್ವಾ," ಎಂದ ಓಸ್ಸಿ. "ಅವಳ ಮಗುವಿನ ಅಪ್ಪ ನಾನು. ಅವಳನ್ನ ಮದುವೆ ಆಗ್ಬೇಕು ಅಂತಲೂ ಇದೀನಿ. ಅವಳನ್ನ ಇನ್ನೂ ಕೇಳಿಲ್ಲ."

ಇಡೀ ಬೇಸಿಗೆಯಲ್ಲಿ ಅವನು ನಾಲ್ಕು ಜನರ ಎದುರು ಇಷ್ಟು ಮಾತು ಒಟ್ಟಿಗೆ ಆಡಿದ್ದು ನಾನು ಕಂಡಿರಲಿಲ್ಲ. ಅವನ ಕಿವಿ ಕುತ್ತಿಗೆ ಎಲ್ಲ ಕೆಂಪಾಗಿತ್ತು. ಆದರೆ ಈ ಸಲ ಅವನು ನೋಟ ತಪ್ಪಿಸಲಿಲ್ಲ. ನೇರ ನನ್ನನ್ನೇ ನೋಡುತ್ತಿದ್ದ.

"ಹಾಗಾದ್ರೆ ಕೇಳು," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

"ನಂಗೆ ಕೋಪ ಇನ್ನೂ ಇಳಿದಿಲ್ಲ ಸೈಯಾ. ಅದು ಇಳೀಲಿ ಅಂತ ಕಾದ್ರೆ ಮತ್ತೆ ನಾಲ್ಕು ತಿಂಗಳು ಸುಮ್ಮನೆ ಹೋಗತ್ತೆ. ಕೋಪ ಇಟ್ಕೊಂಡೇ ಕೇಳ್ತಿದೀನಿ. ನನ್ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ," ಎಂದೆ. "ಹೇಳ್ಬೇಕಿತ್ತು ನಿಂಗೆ. ತಪ್ಪಾಯ್ತು. ಆಗ್ತೀನಿ."

ಯಾರೋ ಮೂಗೊರೆಸಿಕೊಂಡರು. ಹಾಗಾದರೆ ಪರೀಕ್ಷೆ ತಾನೇ ಮಾಡುತ್ತೇನೆ, ತನ್ನ ಹತ್ತಿರ ಪಾಸಾಗುವುದು ಇವನ ಹತ್ತಿರ ಆದಷ್ಟು ಸುಲಭವಲ್ಲ ಎಂದು ಮೈರೆ ಎಚ್ಚರಿಸಿದಳು. ಪಕ್ಕದವಳು ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಓಸ್ಸಿ ಬಂದು ಅದರಲ್ಲಿ ಕುಸಿದು ಕೂತ. ಮೇಜಿನ ಕೆಳಗೆ ನನ್ನ ಕೈ ಹುಡುಕಿ ಹಿಡಿದುಕೊಂಡ. ಅವನ ಕೈ ಮಂಜುಗಡ್ಡೆಯಾಗಿತ್ತು. ಬಿಡುವು ಮುಗಿಯುವವರೆಗೂ ಅದನ್ನು ಬಿಡಲಿಲ್ಲ, ಎಡಗೈಯಲ್ಲೇ ಕಾಫಿ ಕುಡಿದ.